‘ಸರ್ವರ್ ಡೌನ್’ ಅನ್ನೋದು ಮಳೆ ಇದ್ದಂಗಲ್ಲ: ಪೋರ್ಟಲ್ ತೆರೆಯುವ ಮೊದಲು ಇಂಡಿಯ ಒಂದು ಸೆಷನ್ ರೆಕಾರ್ಡ್ ಮಾಡಿ

ಕಳೆದ ಬಾರಿ ಇಂಡಿ ತಾಲ್ಲೂಕಿನ ನಮ್ಮ ಊರಿಗೆ ಹೋದಾಗ, ಚಿಗವ್ವನ ಜೊತೆ ಒಂದು ಅರ್ಜಿ ಹಾಕಿಸಲು ಹೋಗಿದ್ದೆ. ಮುಂಜಾನೆ ಒಂಬತ್ತಕ್ಕೇ ಸರತಿಯಲ್ಲಿ ನಿಂತೆವು. ಹನ್ನೊಂದೂವರೆಗೆ ಅವಳ ಪಾಳಿ ಬಂತು. ಹೆಸರು, ಊರು, ಬ್ಯಾಂಕ್ ಖಾತೆ ಎಲ್ಲ ತುಂಬಿ ಆಯಿತು. ಒಟಿಪಿ ಬರಲಿಲ್ಲ. ಬಂದಾಗ ಹಾಕಿದರೆ ‘ನಿಮ್ಮ ಸೆಷನ್ ಮುಗಿದಿದೆ’ ಅಂತ ಬಂತು. ಮತ್ತೆ ಮೊದಲಿನಿಂದ ಶುರು. ಮೂರನೇ ಸಲ ಪರದೆಯ ಮೇಲೆ ಚಕ್ರ ಸುತ್ತುತ್ತಾ ನಿಂತುಬಿಟ್ಟಿತು.

“ಸರ್ವರ್ ಡೌನ್ ಐತ್ರಿ ಯಕ್ಕಾ. ಸಂಜಿಮುಂದ ಬರ್ರಿ, ಇಲ್ಲಾಂದ್ರ ನಾಳಿಗಿ ಬರ್ರಿ,” ಅಂದ ಹುಡುಗ. ಅವನ ತಪ್ಪೇನೂ ಇರಲಿಲ್ಲ. ಮುಂಜಾನೆಯಿಂದ ಅದೇ ಮಾತನ್ನು ಮೂವತ್ತು ಜನರಿಗೆ ಹೇಳಿ ಅವನೂ ಸೋತಿದ್ದ.

ಅವತ್ತು ನಿಂಬೆಕಾಯಿ ಹರಿಯುವ ಕೂಲಿ ಬಿಟ್ಟು ಬಂದಿದ್ದ ಚಿಗವ್ವ ವಾಪಸ್ ಬರುವಾಗ ಕೇಳಿದಳು: “ಅಲ್ಲೋ, ನೀ ಕಂಪ್ಯೂಟರ್ ಇಂಜಿನಿಯರ್ ಕಲತಾಂವ. ಈ ಸರ್ವರ್ ಅಂದ್ರ ಮಳಿ ಇದ್ದಂಗೇನು? ಬಂದ್ರ ಬಂತು, ಇಲ್ಲಾಂದ್ರ ಇಲ್ಲ?”

ಈ ಬರಹ ಅವಳ ಪ್ರಶ್ನೆಗೆ ಉತ್ತರ. ಮಳೆ ಎಷ್ಟು ಬರುತ್ತದೆ ಅಂತ ಯಾರೂ ತೀರ್ಮಾನ ಮಾಡಲಾಗದು. ಆದರೆ ಒಂದು ಪೋರ್ಟಲ್ ಎಷ್ಟು ಜನರನ್ನು ತಡೆದುಕೊಳ್ಳುತ್ತದೆ ಅಂತ ಅದನ್ನು ತೆರೆಯುವ ಮೊದಲೇ ಅಳೆಯಬಹುದು. ಅಳೆಯುವ ವಿಧಾನ ದಶಕಗಳಿಂದ ಇದೆ, ಬೇಕಾದ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಪ್ರಶ್ನೆ ಇರುವುದು, ಅಳೆಯುವಾಗ ಯಾರನ್ನು ಲೆಕ್ಕಕ್ಕೆ ಹಿಡಿಯುತ್ತೇವೆ ಅನ್ನುವುದರಲ್ಲಿ.

2023ರ ಜೂನ್ ನೆನಪಿದೆಯಾ?

ಗೃಹಜ್ಯೋತಿ ಯೋಜನೆಗೆ ಸೇವಾ ಸಿಂಧು ಪೋರ್ಟಲ್‌ನಲ್ಲಿ ನೋಂದಣಿ ಶುರುವಾದದ್ದು 2023ರ ಜೂನ್ 18ರಂದು. ಶುರುವಿನ ದಿನಗಳಲ್ಲಿ ರಾಜ್ಯದ ತುಂಬ ಕೇಳಿಬಂದದ್ದು ಎರಡೇ ಪದ, ಸರ್ವರ್ ಡೌನ್. ಕೇಂದ್ರದವರು ಸರ್ವರ್ ಹ್ಯಾಕ್ ಮಾಡಿದ್ದಾರೆ ಎಂದು ಸಚಿವ ಸತೀಶ ಜಾರಕಿಹೊಳಿ ಆರೋಪಿಸಿದ್ದೂ ದೊಡ್ಡ ಸುದ್ದಿಯಾಯಿತು. ಆಳುವವರು, ವಿರೋಧ ಪಕ್ಷದವರು ಕೆಲವು ದಿನ ಕಿತ್ತಾಡಿದರು. ಈ ಗದ್ದಲದಲ್ಲಿ ಕೇಳಬೇಕಿದ್ದ ಸಾದಾ ಪ್ರಶ್ನೆ ಕಳೆದುಹೋಯಿತು: ಪೋರ್ಟಲ್ ತೆರೆಯುವ ಮೊದಲು ಲೋಡ್ ಟೆಸ್ಟ್ ಮಾಡಿದ್ದಿರಾ? ಮಾಡಿದ್ದರೆ ಎಷ್ಟು ಜನರ ಲೆಕ್ಕ ಹಿಡಿದು?

ಮರುತಿಂಗಳು ಗೃಹಲಕ್ಷ್ಮಿ ನೋಂದಣಿಗೆ ಬೇರೆ ದಾರಿ ಹಿಡಿದರು. ಯಾರು, ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿಗೆ ಬರಬೇಕು ಎಂಬುದನ್ನು ಎಸ್‌ಎಂಎಸ್‌ನಲ್ಲಿ ತಿಳಿಸುವ ವ್ಯವಸ್ಥೆ ಮಾಡಿದರು. ಎಂಜಿನಿಯರ್ ಕಣ್ಣಲ್ಲಿ ನೋಡಿದರೆ ಅದು ಜಾಣ ಉಪಾಯ. ಸರ್ವರ್ ಮುಂದಿನ ಸರತಿಯನ್ನು ಕ್ಯಾಲೆಂಡರಿಗೆ ಹಂಚಿಬಿಟ್ಟರು. ಅಂದರೆ ದಟ್ಟಣೆ ಅನ್ನೋದು ಮೊದಲೇ ಅಂದಾಜು ಮಾಡಬಹುದಾದ ಸಂಗತಿ ಅಂತ ಸರ್ಕಾರಕ್ಕೂ ಗೊತ್ತಿದೆ.

ಲೋಡ್ ಟೆಸ್ಟ್ ಅಂದರೇನು?

ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿಗೇ ಸೇರಿದ್ದ ಆಲಮಟ್ಟಿಗೆ ಹೋಗಿ ನೋಡಿ. ಜಲಾಶಯಕ್ಕೆ 26 ಗೇಟ್‌ಗಳಿವೆ. ಬೇಸಿಗೆಯ ಕೃಷ್ಣೆಗೆ ಅಷ್ಟೊಂದು ಗೇಟ್ ಯಾಕೆ ಬೇಕು? ಅವು ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಸುರಿದು ಹೊಳೆ ತುಂಬಿ ಬರುವ ದಿನಕ್ಕಾಗಿ ಇಟ್ಟವು. ಅಣೆಕಟ್ಟನ್ನು ಸರಾಸರಿ ದಿನದ ನೀರು ನೋಡಿ ಕಟ್ಟುವುದಿಲ್ಲ. ಪೋರ್ಟಲ್‌ಗೂ ಅದೇ ಮಾತು. ಸಾವಿರಾರು ಜನ ಒಟ್ಟಿಗೆ ಬಂದಾಗ ಏನಾಗುತ್ತದೆ ಎಂದು ಕೃತಕವಾಗಿ ಪ್ರವಾಹ ಹರಿಸಿ ನೋಡುವುದೇ ಲೋಡ್ ಟೆಸ್ಟ್.

ಹಾಗಂತ ಸಾವಿರಾರು ಜನರನ್ನು ಕರೆತಂದು ಕೂರಿಸಲಾಗದು. ಅದಕ್ಕೆ ಒಂದು ಉಪಾಯವಿದೆ. ಒಬ್ಬ ಮನುಷ್ಯ ಪೋರ್ಟಲ್‌ನಲ್ಲಿ ಏನೇನು ಮಾಡುತ್ತಾನೋ ಅದನ್ನು ಒಮ್ಮೆ ರೆಕಾರ್ಡ್ ಮಾಡಿಕೊಳ್ಳುವುದು, ಆಮೇಲೆ ಅದನ್ನೇ ಸಾವಿರಾರು ‘ವರ್ಚುವಲ್ ಬಳಕೆದಾರ’ರ ಹೆಸರಲ್ಲಿ ಒಟ್ಟಿಗೆ ಮರುಓಡಿಸುವುದು. ಇದನ್ನೇ ಬ್ರೌಸರ್ ಸೆಷನ್ ರೆಕಾರ್ಡಿಂಗ್ ಅನ್ನುತ್ತಾರೆ.

ಇಲ್ಲಿ ರೆಕಾರ್ಡ್ ಆಗುವುದು ಪರದೆಯ ವಿಡಿಯೋ ಅಂದುಕೊಳ್ಳಬೇಡಿ. ನೀವು ‘ಸಲ್ಲಿಸಿ’ ಗುಂಡಿ ಒತ್ತಿದಾಗ ನಿಮ್ಮ ಬ್ರೌಸರ್ ಸರ್ವರ್‌ಗೆ ಒಂದು ಕೋರಿಕೆ ಕಳಿಸುತ್ತದೆ, ಸರ್ವರ್ ಉತ್ತರ ಕಳಿಸುತ್ತದೆ. ಒಂದು ಪುಟ ತೆರೆದರೆ ಇಂಥ ಹತ್ತಾರು ಕೋರಿಕೆಗಳು ಹೋಗುತ್ತವೆ. ಪುಟ, ಚಿತ್ರ, ಜಿಲ್ಲೆಗಳ ಪಟ್ಟಿ, ಜಿಲ್ಲೆ ಆರಿಸಿದ ಮೇಲೆ ತಾಲ್ಲೂಕುಗಳ ಪಟ್ಟಿ, ಕ್ಯಾಪ್ಚಾ, ಒಟಿಪಿ, ಹೀಗೆ. ಈ ಮಾತುಕತೆಯನ್ನು ಒಂದೂ ಬಿಡದೆ ಬರೆದುಕೊಳ್ಳುವುದೇ ರೆಕಾರ್ಡಿಂಗ್.

ಬರೆದುಕೊಳ್ಳಲು ಮುಖ್ಯವಾಗಿ ಎರಡು ದಾರಿ. ಒಂದು, ಬ್ರೌಸರ್ ಮತ್ತು ಸರ್ವರ್ ನಡುವೆ ಒಬ್ಬ ಮಧ್ಯಸ್ಥನನ್ನು ಕೂರಿಸುವುದು. ಇದಕ್ಕೆ ಪ್ರಾಕ್ಸಿ ಅನ್ನುತ್ತಾರೆ. 1998ರಿಂದ ಇರುವ ಅಪಾಚೆ ಜೆಮೀಟರ್ ಎಂಬ ಉಚಿತ ತಂತ್ರಾಂಶದ ರೆಕಾರ್ಡರ್ ಕೆಲಸ ಮಾಡುವುದು ಹೀಗೆ. ಬ್ರೌಸರ್‌ನ ಪ್ರಾಕ್ಸಿ ಸೆಟ್ಟಿಂಗ್‌ನಲ್ಲಿ ನಿಮ್ಮದೇ ಕಂಪ್ಯೂಟರಿನ 8888ನೇ ಪೋರ್ಟ್ ಕೊಟ್ಟು, ಜೆಮೀಟರ್ ಸೃಷ್ಟಿಸುವ ತಾತ್ಕಾಲಿಕ ಸರ್ಟಿಫಿಕೇಟನ್ನು ಬ್ರೌಸರ್‌ಗೆ ಸೇರಿಸಿದರೆ, ಗೂಢಲಿಪಿಯಲ್ಲಿ ಹೋಗುವ ಕೋರಿಕೆಗಳೂ ಓದಲು ಸಿಗುತ್ತವೆ. ಎರಡನೆಯದು ಇನ್ನೂ ಸುಲಭ. ಕ್ರೋಮ್‌ನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್ ತೆರೆದು, ಫಾರ್ಮ್ ತುಂಬುತ್ತಾ ಹೋಗಿ. ಎಲ್ಲ ಕೋರಿಕೆಗಳು ಸಾಲಾಗಿ ಕಾಣುತ್ತವೆ. ಅದನ್ನು ‘ಹಾರ್’ ಎಂಬ ಮಾದರಿಯ ಕಡತವಾಗಿ ಉಳಿಸಬಹುದು. ಕೆ6, ಗ್ಯಾಟ್ಲಿಂಗ್‌ನಂಥ ಪರೀಕ್ಷಾ ತಂತ್ರಾಂಶಗಳು ಆ ಕಡತದಿಂದ ಸ್ಕ್ರಿಪ್ಟ್ ಮಾಡಿಕೊಳ್ಳಲು ಸಹಾಯ ಮಾಡುತ್ತವೆ.

ನಾನು ಮಾಡಿದ ತಪ್ಪು

ಎಂಜಿನಿಯರಿಂಗ್ ಮುಗಿಸಿ ಪತ್ರಿಕೋದ್ಯಮಕ್ಕೆ ಬರುವ ಮೊದಲು ಬೆಂಗಳೂರಿನ ಒಂದು ಕಂಪನಿಯಲ್ಲಿ ಇದೇ ಕೆಲಸ ಮಾಡುತ್ತಿದ್ದೆ. ಒಮ್ಮೆ ಒಂದು ಜಾಲತಾಣದ ಲೋಡ್ ಟೆಸ್ಟ್ ನನ್ನ ಪಾಲಿಗೆ ಬಂತು. ಒಂದು ಸೆಷನ್ ರೆಕಾರ್ಡ್ ಮಾಡಿದೆ, ಎರಡು ಸಾವಿರ ವರ್ಚುವಲ್ ಬಳಕೆದಾರರನ್ನು ಓಡಿಸಿದೆ. ಎಲ್ಲವೂ ಹಸಿರು. ಉತ್ತರ ಅರ್ಧ ಸೆಕೆಂಡಿನೊಳಗೆ. ವರದಿ ಕೊಟ್ಟು ಶಬ್ಬಾಸ್‌ಗಿರಿ ಪಡೆದೆ. ತಾಣ ತೆರೆದ ದಿನ ಒಂದು ತಾಸಿನಲ್ಲಿ ಮಕಾಡೆ ಮಲಗಿತು.

ಆಮೇಲೆ ನೋಡಿದರೆ, ನನ್ನ ಎರಡು ಸಾವಿರ ಜನರೂ ಒಬ್ಬನೇ ವ್ಯಕ್ತಿಯ ಹೆಸರಲ್ಲಿ ಲಾಗಿನ್ ಆಗಲು ಹೊರಟಿದ್ದರು. ಸರ್ವರ್ ಪ್ರತಿ ಸಲ ಹೊಸ ಟೋಕನ್ ಕೊಡುತ್ತದೆ. ನಾನು ರೆಕಾರ್ಡ್ ಮಾಡಿದ ಹಳೆಯ ಟೋಕನ್ನನ್ನೇ ಎಲ್ಲರೂ ಹಿಡಿದು ನಿಂತಿದ್ದರು. ಸರ್ವರ್ ಪ್ರತಿಯೊಬ್ಬರಿಗೂ ‘ದಯವಿಟ್ಟು ಮತ್ತೆ ಲಾಗಿನ್ ಆಗಿ’ ಎಂಬ ಪುಟವನ್ನು ಅತಿ ವೇಗವಾಗಿ ಕೊಟ್ಟು ಕಳಿಸಿತ್ತು. ತಾಂತ್ರಿಕವಾಗಿ ಅದೂ ‘200’ ಸಂಖ್ಯೆಯ ಯಶಸ್ವಿ ಉತ್ತರವೇ. ಬಾಗಿಲಲ್ಲೇ ವಾಪಸ್ ಕಳಿಸಿದವರನ್ನೆಲ್ಲ ಊಟ ಮಾಡಿದವರ ಲೆಕ್ಕಕ್ಕೆ ಸೇರಿಸಿದ್ದೆ ನಾನು.

ಅದಕ್ಕೇ ಹಸಿ ರೆಕಾರ್ಡಿಂಗ್ ಯಾವ ಕೆಲಸಕ್ಕೂ ಬಾರದು. ಅದರ ಮೇಲೆ ನಾಲ್ಕು ಕೆಲಸ ಆಗಬೇಕು.

ಮೊದಲನೆಯದು, ಸರ್ವರ್ ಆಯಾ ಹೊತ್ತಿಗೆ ಕೊಡುವ ಟೋಕನ್, ಸೆಷನ್ ಸಂಖ್ಯೆಗಳನ್ನು ಹಿಂದಿನ ಉತ್ತರದಿಂದ ಹೆಕ್ಕಿ ಮುಂದಿನ ಕೋರಿಕೆಗೆ ಸೇರಿಸಬೇಕು. ಪರಿಭಾಷೆಯಲ್ಲಿ ಇದು ಕೋರಿಲೇಶನ್.

ಎರಡನೆಯದು, ಪ್ರತಿ ವರ್ಚುವಲ್ ಬಳಕೆದಾರನಿಗೂ ಬೇರೆ ಹೆಸರು, ಬೇರೆ ಖಾತೆ ಸಂಖ್ಯೆ ಕೊಡಬೇಕು. ಎಲ್ಲರೂ ಒಂದೇ ಮಾಹಿತಿ ಕೇಳಿದರೆ ಸರ್ವರ್ ಅದನ್ನು ನೆನಪಿನಿಂದಲೇ ಕೊಟ್ಟುಬಿಡುತ್ತದೆ. ಡೇಟಾಬೇಸಿನ ನಿಜವಾದ ಶಕ್ತಿ ಗೊತ್ತೇ ಆಗುವುದಿಲ್ಲ.

ಮೂರನೆಯದು, ಮನುಷ್ಯ ಓದಲು, ಟೈಪ್ ಮಾಡಲು, ಒಟಿಪಿಗೆ ಕಾಯಲು ತೆಗೆದುಕೊಳ್ಳುವ ಹೊತ್ತನ್ನೂ ಸೇರಿಸಬೇಕು.

ನಾಲ್ಕನೆಯದು, ಬಂದ ಉತ್ತರದಲ್ಲಿ ಅರ್ಜಿ ಸಂಖ್ಯೆ ಇದೆಯಾ ಅಂತ ನೋಡಬೇಕು. ಸ್ವೀಕೃತಿ ಸಿಕ್ಕರೆ ಮಾತ್ರ ಪಾಸ್.

ಯಾರ ಸೆಷನ್?

ಇಲ್ಲಿಂದ ಮುಂದೆ ತಂತ್ರಜ್ಞಾನ ರಾಜಕೀಯವಾಗುತ್ತದೆ. ರೆಕಾರ್ಡ್ ಮಾಡುವವನು ಬೆಂಗಳೂರಿನ ಕಚೇರಿಯಲ್ಲಿ ಕೂತು, ವೇಗದ ನೆಟ್‌ನಲ್ಲಿ, ಕೈಯಲ್ಲೇ ಫೋನ್ ಹಿಡಿದು, ಒಂದೂ ತಪ್ಪಿಲ್ಲದೆ ಮೂರು ನಿಮಿಷದಲ್ಲಿ ಫಾರ್ಮ್ ಮುಗಿಸುತ್ತಾನೆ ಅಂದುಕೊಳ್ಳಿ. ಆ ಮೂರು ನಿಮಿಷವೇ ಇಡೀ ರಾಜ್ಯದ ಮಾದರಿ ಆಗುತ್ತದೆ. ಐನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ನಮ್ಮ ಜಿಲ್ಲೆಯಲ್ಲಿ ಯಾರ ಸೆಷನ್ನೂ ಹಾಗಿರುವುದಿಲ್ಲ. ನನ್ನ ಕೈಗೆ ಕೊಟ್ಟರೆ ಕನಿಷ್ಠ ಈ ನಾಲ್ಕು ಸೆಷನ್‌ಗಳನ್ನು ರೆಕಾರ್ಡ್ ಮಾಡಿಸುತ್ತೇನೆ.

ಇಂಡಿ: ತಾಯಿಯ ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಪುಣೆಗೆ ದುಡಿಯಲು ಹೋದ ಮಗನ ಹತ್ತಿರ ಇದೆ. ಒಟಿಪಿ ಅವನಿಗೆ ಹೋಗುತ್ತದೆ, ಅವನು ಫೋನ್ ಎತ್ತಿ ಓದಿ ಹೇಳಬೇಕು. ನಾಲ್ಕೈದು ನಿಮಿಷ ಸೆಷನ್ ತೆರೆದೇ ಇರುತ್ತದೆ, ಅಷ್ಟರಲ್ಲಿ ಒಟಿಪಿಯ ಅವಧಿ ಮುಗಿಯುತ್ತದೆ, ಮತ್ತೆ ಇನ್ನೊಂದು ಒಟಿಪಿ.

ಸಿಂದಗಿ: ಸೇವಾ ಕೇಂದ್ರದ ಆಪರೇಟರ್ ಒಂದೇ ಕಂಪ್ಯೂಟರಿನಲ್ಲಿ ಐದು ಟ್ಯಾಬ್ ತೆರೆದು ಐದು ಜನರ ಅರ್ಜಿ ಒಟ್ಟಿಗೆ ತುಂಬುತ್ತಾನೆ. ಎಲ್ಲವೂ ಒಂದೇ ಐಪಿ ವಿಳಾಸದಿಂದ ಬರುವುದರಿಂದ, ಸರ್ವರ್‌ನ ಕಾವಲು ವ್ಯವಸ್ಥೆ ಅವನನ್ನು ದಾಳಿಕೋರ ಅಂತ ತಿಳಿದು ತಡೆಯಬಹುದು.

ಮುದ್ದೇಬಿಹಾಳ: ಬೆಳೆ ವಿಮೆ ನೋಂದಣಿಯ ಕೊನೆಯ ದಿನ. ತೊಗರಿ ಬಿತ್ತಿದ ರೈತ ಬ್ಯಾಂಕ್ ಪಾಸ್‌ಬುಕ್‌ನ ಫೋಟೋ ಕೊಡುತ್ತಾನೆ. 4 ಎಂಬಿಯ ಚಿತ್ರ, ಕುಂಟುವ ನೆಟ್. ಅಪ್‌ಲೋಡ್ ಮುಗಿಯುವವರೆಗೆ ಸರ್ವರ್‌ನ ಒಂದು ಸಂಪರ್ಕ ಅವನಿಗೇ ಮೀಸಲು. ಅಂಥವರು ಸಾವಿರ ಜನ ಸೇರಿದರೆ ಸಾವಿರ ಸಂಪರ್ಕ ಕಟ್ಟಿಹಾಕಿದಂತೆ.

ಬಸವನ ಬಾಗೇವಾಡಿ: ಪದವಿ ಮುಗಿಸಿದ ಹುಡುಗಿ ರಾತ್ರಿ ಮೊಬೈಲಿನಲ್ಲೇ ಯುವನಿಧಿ ಅರ್ಜಿ ಹಾಕುತ್ತಾಳೆ. ಪುಟ ತೆರೆಯದಿದ್ದರೆ ನಾವೆಲ್ಲ ಮಾಡುವುದನ್ನೇ ಮಾಡುತ್ತಾಳೆ: ರಿಫ್ರೆಶ್, ಮತ್ತೆ ರಿಫ್ರೆಶ್. ‘ಸಲ್ಲಿಸಿ’ ಗುಂಡಿಯನ್ನು ಎರಡು ಸಲ ಒತ್ತುತ್ತಾಳೆ. ಒಬ್ಬಳು ಹುಡುಗಿ, ಆರು ಜನರ ಭಾರ.

ಈ ನಾಲ್ಕೂ ವಿಶೇಷ ಪ್ರಕರಣಗಳಲ್ಲ. ರಾಜ್ಯದ ಬಹುಪಾಲು ಜನ ಸರ್ಕಾರವನ್ನು ಮುಟ್ಟುವುದೇ ಹೀಗೆ.

ಲೆಕ್ಕ ಎಲ್ಲಿ ತಪ್ಪುತ್ತದೆ?

ಸರತಿ ಸಾಲುಗಳ ಬಗ್ಗೆ ಒಂದು ಸರಳ ನಿಯಮವಿದೆ. ಜಾನ್ ಲಿಟಲ್ ಎಂಬುವರು 1961ರಲ್ಲಿ ಇದಕ್ಕೆ ಗಣಿತದ ಸಾಧನೆ ಕೊಟ್ಟರು. ಒಂದು ಜಾಗದೊಳಗೆ ಏಕಕಾಲಕ್ಕೆ ಎಷ್ಟು ಜನ ಇರುತ್ತಾರೆ ಎಂದರೆ, ಬರುವ ವೇಗ ಗುಣಿಸು ಒಬ್ಬೊಬ್ಬರು ಒಳಗಿರುವ ಹೊತ್ತು. ಅಷ್ಟೇ.

ಲೆಕ್ಕಕ್ಕೆ ಹೀಗೆ ಹಿಡಿಯೋಣ. ಸೆಕೆಂಡಿಗೆ 25 ಜನ ಹೊಸದಾಗಿ ಬರುತ್ತಿದ್ದಾರೆ, ಒಂದು ಅರ್ಜಿಗೆ 8 ನಿಮಿಷ ಹಿಡಿಯುತ್ತದೆ. 8 ನಿಮಿಷ ಅಂದರೆ 480 ಸೆಕೆಂಡ್. 25 ಗುಣಿಸು 480, ಅಂದರೆ ಯಾವುದೇ ಕ್ಷಣದಲ್ಲಿ 12,000 ಜನ ಒಳಗಿದ್ದಾರೆ. ಈಗ ಒಟಿಪಿ ತಡವಾಗಿ, ಪುಟ ನಿಧಾನವಾಗಿ, ಅದೇ ಅರ್ಜಿಗೆ 24 ನಿಮಿಷ ಹಿಡಿಯಿತು ಅಂದುಕೊಳ್ಳಿ. ಹೊಸದಾಗಿ ಒಬ್ಬರೂ ಹೆಚ್ಚು ಬಂದಿಲ್ಲ, ಆದರೂ ಒಳಗಿರುವವರು 36,000. ಭಾರ ಹೆಚ್ಚಾದ್ದರಿಂದ ಸರ್ವರ್ ಇನ್ನಷ್ಟು ನಿಧಾನ. ನಿಧಾನವಾದ್ದರಿಂದ ಭಾರ ಇನ್ನಷ್ಟು ಹೆಚ್ಚು. ಸರ್ವರ್ ಬೀಳುವುದು ಹೀಗೆ. ಮೂರು ನಿಮಿಷದ ಬೆಂಗಳೂರು ಸೆಷನ್ ಇಟ್ಟುಕೊಂಡು ಲೆಕ್ಕ ಹಾಕಿದವರಿಗೆ 4,500 ಜನ ಮಾತ್ರ ಕಂಡಿರುತ್ತಾರೆ.

ಎಷ್ಟು ಕೋರಿಕೆ ಎಂಬುದರ ಜೊತೆಗೆ ಯಾವ ಕೋರಿಕೆ ಎಂಬುದೂ ಮುಖ್ಯ. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ ಕುಸಿದಾಗ, ಅದು ಉದ್ದೇಶಪೂರ್ವಕ ದಾಳಿ ಎಂದು ಸರ್ಕಾರ ಹೇಳಿತು. 62 ಇಮೇಲ್ ಖಾತೆಗಳಿಂದ ಎರಡು ತಾಸಿನಲ್ಲಿ 6.2 ಲಕ್ಷ ಕೋರಿಕೆ ಬಂದವು ಎಂಬುದು ಸರ್ಕಾರ ಕೊಟ್ಟ ಲೆಕ್ಕ. ಭಾಗಿಸಿ ನೋಡಿ, ಸೆಕೆಂಡಿಗೆ ಸುಮಾರು 86. 2021ರ ಏಪ್ರಿಲ್ 28ರಂದು 18 ವರ್ಷ ಮೇಲಿನವರಿಗೆ ಲಸಿಕೆ ನೋಂದಣಿ ತೆರೆದಾಗ ಕೋವಿನ್‌ಗೆ ನಿಮಿಷಕ್ಕೆ 27 ಲಕ್ಷ ಕೋರಿಕೆಗಳು ಬಂದಿದ್ದವು, ಅಂದರೆ ಸೆಕೆಂಡಿಗೆ 45,000. ಅದೂ ಮೊದಲ ನಿಮಿಷಗಳಲ್ಲಿ ತಡವರಿಸಿತು, ಆದರೆ ಆ ದಿನವೇ ಕೋಟಿಗೂ ಹೆಚ್ಚು ನೋಂದಣಿ ಆಯಿತು. ಹಾಗಾದರೆ 86ಕ್ಕೆ ಕಾವೇರಿ ಯಾಕೆ ತತ್ತರಿಸಿತು? ಆ ಕೋರಿಕೆಗಳು ಋಣಭಾರ ಪ್ರಮಾಣಪತ್ರದ, ಅಂದರೆ ಇಸಿಯ ಹುಡುಕಾಟಕ್ಕೆ ಸಂಬಂಧಿಸಿದ್ದವು. ಹಳೆಯ ದಾಖಲೆಗಳನ್ನೆಲ್ಲ ಜಾಲಾಡಿ ತರುವ ಇಂಥ ಒಂದು ಹುಡುಕಾಟದ ಭಾರ ಮುಖಪುಟದ ಸಾವಿರ ಭೇಟಿಗಿಂತ ಹೆಚ್ಚಿರಬಹುದು. ಮುಖಪುಟಕ್ಕೆ ಮಾತ್ರ ಪ್ರವಾಹ ಹರಿಸಿ ಪಾಸ್ ಎಂದು ಬರೆಯುವ ಟೆಸ್ಟ್‌ಗೆ ಇದು ಕಾಣುವುದೇ ಇಲ್ಲ. ಕೊನೆಯ ಪುಟದವರೆಗೆ ರೆಕಾರ್ಡ್ ಮಾಡಿದ ಸೆಷನ್‌ಗೆ ಕಾಣುತ್ತದೆ.

ಶ್ರೀಮಂತ ದೇಶಗಳೂ ಇದರಲ್ಲಿ ಎಡವಿವೆ. ಅಮೆರಿಕದ ಆರೋಗ್ಯ ವಿಮೆಯ ಹೆಲ್ತ್‌ಕೇರ್.ಗವ್ ತಾಣ 2013ರ ಅಕ್ಟೋಬರ್ 1ರಂದು ತೆರೆದಾಗ, ಮೊದಲ ದಿನ ಕೊನೆಯವರೆಗೆ ತಲುಪಿ ನೋಂದಣಿ ಮುಗಿಸಿದವರು ಬರೀ 6 ಜನ. ಏಕಕಾಲಕ್ಕೆ 50ರಿಂದ 60 ಸಾವಿರ ಜನ ಬರುತ್ತಾರೆ ಎಂಬ ಅಂದಾಜಿತ್ತು, ಎರಡೂವರೆ ಲಕ್ಷ ಬಂದರು. ವಿಮೆಗಳ ಪಟ್ಟಿ ನೋಡಲೂ ಮೊದಲು ಖಾತೆ ತೆರೆಯಬೇಕು ಎಂದು ಇಟ್ಟಿದ್ದರಿಂದ ಎಲ್ಲರೂ ಆ ಒಂದೇ ಬಾಗಿಲಲ್ಲಿ ಸಿಕ್ಕಿಬಿದ್ದರು.

ಸರಾಸರಿ ಎಂಬ ಮೋಸ

ಇನ್ನೊಂದು ಮಾತು. ವರದಿಯಲ್ಲಿ ‘ಸರಾಸರಿ ಉತ್ತರ ಸಮಯ’ ಅಂತ ಕಂಡರೆ ಹುಷಾರಾಗಿರಿ. ನೂರು ಜನರಲ್ಲಿ 90 ಜನರಿಗೆ ಒಂದು ಸೆಕೆಂಡಿನಲ್ಲಿ, 10 ಜನರಿಗೆ ಒಂದು ನಿಮಿಷಕ್ಕೆ ಪುಟ ತೆರೆದರೆ ಸರಾಸರಿ ಸುಮಾರು 7 ಸೆಕೆಂಡ್. ಪರವಾಗಿಲ್ಲ ಅನ್ನಿಸುತ್ತದೆ. ಆ ಹತ್ತು ಜನ ಮಾತ್ರ ಸೋತು ಮನೆಗೆ ಹೋಗಿರುತ್ತಾರೆ. ಅದಕ್ಕೇ ನೂರರಲ್ಲಿ 95ನೆಯವರಿಗೆ ಎಷ್ಟು ಹೊತ್ತಾಯಿತು ಎಂದು ಕೇಳಬೇಕು. ಸಾಲಿನ ಕೊನೆಯಲ್ಲಿ ನಿಂತವರು ಎಲ್ಲಿಯವರು ಅಂತ ನನಗೆ ಗೊತ್ತು.

ಕಾನೂನಿನ ಲೆಕ್ಕದಲ್ಲೂ ಅವರು ಕಾಣುವುದಿಲ್ಲ. ಕರ್ನಾಟಕದಲ್ಲಿ 2011ರ ಸಕಾಲ ಕಾಯ್ದೆ ಇಷ್ಟು ದಿನದಲ್ಲಿ ಸೇವೆ ಕೊಡಬೇಕು ಎನ್ನುತ್ತದೆ. ಆದರೆ ಆ ಗಡಿಯಾರ ಶುರುವಾಗುವುದು ಅರ್ಜಿ ಸ್ವೀಕೃತವಾದ ಮೇಲೆ. ಸರ್ವರ್ ಡೌನ್ ಅಂತ ಅರ್ಜಿಯೇ ಹೋಗದಿದ್ದರೆ ವಿಳಂಬವೂ ಇಲ್ಲ, ದಂಡವೂ ಇಲ್ಲ. ಚಿಗವ್ವನ ಕಳೆದುಹೋದ ಕೂಲಿ ಯಾವ ಡ್ಯಾಶ್‌ಬೋರ್ಡ್‌ನಲ್ಲೂ ಇಲ್ಲ.

ನಾವೇನು ಮಾಡಬಹುದು?

ಮೊದಲು, ಏನು ಮಾಡಬಾರದು ಅಂತ ಹೇಳಿಬಿಡುತ್ತೇನೆ. ಇದನ್ನು ಓದಿ ಜೆಮೀಟರ್ ಇಳಿಸಿಕೊಂಡು ಸರ್ಕಾರಿ ಪೋರ್ಟಲ್ ಮೇಲೆ ಪ್ರಯೋಗ ಮಾಡಲು ಹೋಗಬೇಡಿ. ಅನುಮತಿ ಇಲ್ಲದ ಲೋಡ್ ಟೆಸ್ಟ್‌ಗೂ ದಾಳಿಗೂ ಸರ್ವರ್ ಮಟ್ಟದಲ್ಲಿ ವ್ಯತ್ಯಾಸವಿಲ್ಲ. ಇತರರಿಗೆ ಸೇವೆ ಸಿಗದಂತೆ ಮಾಡುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್‌ಗಳಡಿ ಮೂರು ವರ್ಷದವರೆಗೆ ಜೈಲಿಗೆ ದಾರಿ. ಹಾಗೆಯೇ ನಿಮ್ಮ ಹಾರ್ ಕಡತವನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಅದರಲ್ಲಿ ನೀವು ತುಂಬಿದ ಆಧಾರ್ ಸಂಖ್ಯೆ, ಕೆಲವೊಮ್ಮೆ ಲಾಗಿನ್ ಟೋಕನ್ ಕೂಡ ಇರುತ್ತದೆ. 2023ರಲ್ಲಿ ಓಕ್ಟಾ ಎಂಬ ದೊಡ್ಡ ಭದ್ರತಾ ಕಂಪನಿಯ ಗ್ರಾಹಕರು ಸಹಾಯ ಕೇಳಿ ಕಳಿಸಿದ್ದ ಇಂಥ ಕಡತಗಳಿಂದಲೇ ಟೋಕನ್ ಕದ್ದಿದ್ದರು. ಅಧಿಕೃತ ಪರೀಕ್ಷೆಯಲ್ಲೂ ಕೃತಕ ಹೆಸರು, ಕೃತಕ ಸಂಖ್ಯೆಗಳನ್ನೇ ಬಳಸಬೇಕು.

ಮಾಡಬಹುದಾದದ್ದು ಪ್ರಶ್ನೆ ಕೇಳುವ ಕೆಲಸ. ಯಾವುದೇ ಯೋಜನೆಯ ಪೋರ್ಟಲ್ ಬಗ್ಗೆ ಮಾಹಿತಿ ಹಕ್ಕಿನಡಿ ಇಷ್ಟನ್ನು ಕೇಳಿ: ತೆರೆಯುವ ಮೊದಲು ಲೋಡ್ ಟೆಸ್ಟ್ ನಡೆದಿತ್ತೇ, ಯಾವ ದಿನ? ಏಕಕಾಲಕ್ಕೆ ಎಷ್ಟು ಬಳಕೆದಾರರು, ಆ ಸಂಖ್ಯೆ ಎಲ್ಲಿಂದ ಬಂತು? ಸ್ವೀಕೃತಿ ಸಂಖ್ಯೆ ಬರುವವರೆಗಿನ ಪೂರ್ತಿ ಸೆಷನ್ ರೆಕಾರ್ಡ್ ಆಗಿತ್ತೇ? ಯಾವ ಊರಿನ, ಯಾವ ವೇಗದ ನೆಟ್ ಹಿಡಿದಿದ್ದರು? 95ನೆಯವರಿಗೆ ಎಷ್ಟು ಹೊತ್ತು, ನೂರಕ್ಕೆ ಎಷ್ಟು ಜನರ ಅರ್ಜಿ ವಿಫಲ? ಆಧಾರ್ ಒಟಿಪಿಯಂಥ ಹೊರಗಿನ ಸೇವೆ ನಿಧಾನವಾದಾಗ ಏನಾಗುತ್ತದೆ ಅಂತ ನೋಡಿದ್ದರೇ?

ಕೇಳದೆಯೂ ಇದನ್ನು ಪ್ರಕಟಿಸಬಹುದು. ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ನಿನ ಆಶಯವೇ ಅದು. ಸೇತುವೆ ಉದ್ಘಾಟನೆಗೆ ಮೊದಲು ಭಾರದ ಪರೀಕ್ಷೆ ಮಾಡುತ್ತಾರೆ. ಕೋಟಿ ಜನ ಹಾಯುವ ಪೋರ್ಟಲ್‌ಗೆ ಆ ಒಂದು ಪುಟದ ವರದಿ ಬೇಡವೇ? ರಾಜ್ಯದಲ್ಲಿ ಸುಮಾರು 6 ಸಾವಿರ ಗ್ರಾಮ ಪಂಚಾಯಿತಿಗಳಿವೆ. ಅದರಲ್ಲಿ ಬೇರೆ ಬೇರೆ ಮೂಲೆಯ ಹತ್ತರಲ್ಲಿ ಒಬ್ಬೊಬ್ಬ ಆಪರೇಟರನ್ನು ಕೂರಿಸಿ ಸೆಷನ್ ರೆಕಾರ್ಡ್ ಮಾಡಿಸಲು ಒಂದು ವಾರ ಸಾಕು.

ಮರುದಿನ ಚಿಗವ್ವ ಮತ್ತೆ ಹೋದಳು. ಮತ್ತೊಂದು ಕೂಲಿ ಹೋಯಿತು, ಅರ್ಜಿ ಹೋಯಿತು. ಫೋನ್ ಮಾಡಿ ಹೇಳಿದಳು: “ಬಂತಪ್ಪಾ ನಿನ್ನ ಸರ್ವರು.”

“ಅದು ಮಳಿ ಅಲ್ಲ ಚಿಗವ್ವಾ, ನಳ,” ಅಂದೆ. “ಎಷ್ಟು ಮನಿಗಿ ನೀರ್ ಬೇಕಂತ ಕೇಳಿ ಪೈಪ್ ಹಾಕಬೇಕಿತ್ತು. ಅವರು ಕೇಳೇ ಇಲ್ಲ.”

“ಹಂಗಾರ ಕೇಳಾಕ ಹಚ್ಚೋ,” ಅಂದಳು.